ಬಲಹೆಗಲಿಗೆ ಮೆತ್ತೆ ಹೊಲಿಸಿದ ಜಾಕೆಟ್

ಉಮ್ಮೆ ಕುಲ್ಸುಂ ಕೋಂ ಅಕ್ತರ್, 47 ವರ್ಷ, ಚಳಿ ಉಡುಪುಗಳ ವ್ಯಾಪಾರ, ಅಂಗಡಿ ಶಿವಾಜಿನಗರ, ವಾಸ ಲಿಂಗರಾಜಪುರ, ಬೆಂಗಳೂರು. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು, ಕಣ್ಣಾರೆ ಕಂಡದ್ದನ್ನೂ ಕೈಯಾರೆ ಹೊಲಿದದ್ದನ್ನೂ ಈ ಮೂಲಕ ತಿಳಿಸುವುದೇನೆಂದರೆ:

ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಉಳಿದ ಎಕ್ಸ್‌ಪೋರ್ಟ್ ಜಾಕೆಟ್‌ಗಳನ್ನು ಸಗಟಾಗಿ ಕೊಂಡು, ದೋಷವಿದ್ದರೆ ಸರಿಪಡಿಸಿ ಮಾರುವುದು ನನ್ನ ಕಸುಬು. ನನ್ನ ಯಜಮಾನರು ಕೌಂಟರಿನಲ್ಲಿ ಕೂರುತ್ತಾರೆ. ಹೊಲಿಗೆಯನ್ನೂ ಗಿರಾಕಿಗೆ ಬಟ್ಟೆ ಆರಿಸಿಕೊಡುವುದನ್ನೂ ನಾನೇ ಮಾಡುತ್ತೇನೆ. ಬೆಟ್ಟ ಹತ್ತಲು ಹೋಗುವವರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಜೋಗುಪಾಳ್ಯದ ಪಿಳ್ಳಮ್ಮನವರ ಮಗ ಮುರಳಿ, 24 ವರ್ಷ, ತನ್ನ ಸ್ವಂತ ಜೀಪಿನಲ್ಲಿ ನನ್ನ ಬಟ್ಟೆಯ ಮೂಟೆಗಳನ್ನು ತಂದು ಇಳಿಸುತ್ತಾನೆ. ಅವನನ್ನು ನಾನು ನಾಲ್ಕು ವರ್ಷದಿಂದ ಬಲ್ಲೆ.

ದಿನಾಂಕ 9-1-2003ರ ಗುರುವಾರ ಬೆಳಿಗ್ಗೆ ಸುಮಾರು 11 ಗಂಟೆಗೆ ಇಂದಿರಾನಗರದ ಗುರುಕಿರಣ ಎಂಬುವರು ಅಂಗಡಿಗೆ ಬಂದರು. ಆರಡಿಗೂ ಹೆಚ್ಚು ಎತ್ತರದ ಆಳು. ತಾವೂ ತಮ್ಮ ಸ್ನೇಹಿತರೊಬ್ಬರೂ ನೀಲಗಿರಿಯ ಮೇಲ್ಬೆಟ್ಟಗಳಲ್ಲಿ ಮೂರು ದಿನ ನಡೆಯುವವರಿದ್ದು, ಹಗುರವಾದ ಬೆಚ್ಚನೆಯ ಜಾಕೆಟ್ ಬೇಕೆಂದು ಕೇಳಿದರು. ದಪ್ಪನೆಯದು ಒಂದಕ್ಕಿಂತ ತೆಳುವಾದ ಮೂರು ಪದರ ಮೇಲು, ಏರು ಹತ್ತುವಾಗ ಒಂದು ಕಳಚಬಹುದು, ಕೂತಾಗ ಮತ್ತೆ ಹಾಕಿಕೊಳ್ಳಬಹುದು ಎಂದು ನಾನು ತಿಳಿಸಿದೆನು. ಮೈಗೆ ತಾಗುವ ಬನಿಯನ್ ಹತ್ತಿಯದಾದರೆ ಬೆವರು ಕುಡಿದು ಒದ್ದೆಯಾಗಿಯೇ ಉಳಿಯುತ್ತದೆ ಎಂದು ಹೇಳಿ ಸಿಂಥೆಟಿಕ್‌ನದು ಕೊಟ್ಟೆನು. ಅದರ ಮೇಲಕ್ಕೆ ಉಣ್ಣೆಯಂತೆ ಮೆತ್ತಗಿರುವ ಫ್ಲೀಸ್. ಹೊರಗಿನದಕ್ಕೆ ಅವರು ಬಾತುಕೋಳಿ ಪುಕ್ಕ ತುಂಬಿದ್ದನ್ನು ಕೈಗೆತ್ತಿಕೊಂಡರು. ಆ ಬೆಟ್ಟಗಳಲ್ಲಿ ಮಂಜು ಜಾಸ್ತಿ, ನೆನೆದರೆ ಪುಕ್ಕ ಮುದ್ದೆಯಾಗಿ ಚಳಿ ತಡೆಯುವುದಿಲ್ಲ ಎಂದೆನು. ಸಿಂಥೆಟಿಕ್ ನಾರು ತುಂಬಿದ್ದನ್ನು ತೋರಿಸಿದೆನು. ಒಪ್ಪಿದರು.

ಆದರೆ ಬಣ್ಣದ ವಿಷಯದಲ್ಲಿ ಒಪ್ಪಲಿಲ್ಲ. ಬೆಟ್ಟಕ್ಕೆ ಹೋಗುವವರು ಕೆಂಪೋ ಕಿತ್ತಳೆಯೋ ಕೇಳುತ್ತಾರೆ, ದಾರಿ ತಪ್ಪಿದರೆ ಹುಡುಕುವವರಿಗೆ ಕಾಣಲಿ ಎಂದು. ಇವರು ಒಣ ಹುಲ್ಲಿನ ಬಣ್ಣ ಬೇಕೆಂದರು. ಒಂದೊಂದು ಜಾಕೆಟಿನ ತೋಳನ್ನೂ ಕಿವಿಯ ಹತ್ತಿರ ಉಜ್ಜಿ, ಸರಸರ ಸದ್ದು ಮಾಡಿದವನ್ನೆಲ್ಲ ಪಕ್ಕಕ್ಕಿಟ್ಟರು. ಕೊನೆಗೆ ಆರಿಸಿದ ಕಂದು ಜಾಕೆಟಿನ ಕತ್ತಿನ ವೆಲ್ಕ್ರೋ ಕೀಳುವಾಗ ಪರಕ್ಕೆಂದಿತು. ಅದನ್ನು ತೆಗೆದು, ಕಾಲರಿನ ಮಡಿಕೆಯೊಳಗೆ ಹೊರಗೆ ಕಾಣದಂತೆ ಗುಂಡಿ ಹಾಕಲು ಹೇಳಿದರು. ತೋಳು ಎರಡು ಇಂಚು ಗಿಡ್ಡವಾಗಿತ್ತು, ಉದ್ದ ಮಾಡಲು ಹೇಳಿದರು. ಬಲಹೆಗಲಿಗೆ ಮಾತ್ರ ಒಳಗಿನಿಂದ ಮೆತ್ತೆ ಹೊಲಿಯಬೇಕೆಂದರು.

ಕೋವಿ ಹಾರಿಸಿದಾಗ ಒದೆಯುವುದು ಆ ಹೆಗಲಿಗೇ. ನಾನು ಸೂಜಿ ಕೆಳಗಿಟ್ಟು, "ಬೇಟೆಗೆ ಹೋಗ್ತಿದ್ದೀರಾ?" ಎಂದು ನೇರವಾಗಿಯೇ ಕೇಳಿದೆನು. ಅವರು ನಗುತ್ತಾ, "ಏನ್ರೀ ಮೇಡಂ, ಪ್ರಾಣಿ ಫೋಟೋ ತೆಗೀತೀವಿ. ಲೆನ್ಸ್ ಇಷ್ಟುದ್ದ ಇದೆ, ಹೆಗಲು ಬಿದ್ದೋಗತ್ತೆ" ಎಂದರು. ಫೋಟೋ ತೆಗೆಯುವವರೂ ಸದ್ದಿಲ್ಲದ ಬಟ್ಟೆ ಕೇಳುವುದುಂಟು. ಆದ್ದರಿಂದ ಹೊಲಿದುಕೊಟ್ಟೆನು. ಅದೇ ಹೊತ್ತಿಗೆ ಮುರಳಿ ಮೂಟೆ ಇಳಿಸುತ್ತಿದ್ದನು. ಗುರುಕಿರಣರವರು ಜೀಪನ್ನು ಸುತ್ತು ಹಾಕಿ ನೋಡಿ, ಬಾಡಿಗೆಗೆ ಬರುತ್ತಾನೆಯೇ ಎಂದು ನನ್ನ ಎದುರಿನಲ್ಲಿಯೇ ಕೇಳಿ ಗೊತ್ತು ಮಾಡಿಕೊಂಡರು.

ದಿನಾಂಕ 15-1-2003ರ ಸಂಜೆ ಮುರಳಿ ಅಂಗಡಿಗೆ ಬಂದು, ಮಾರನೆಯ ದಿನ ಹೊರಡುವುದಾಗಿ ಹೇಳಿದನು. ಮೈಮೇಲೆ ಅರ್ಧ ತೋಳಿನ ಷರ್ಟು ಬಿಟ್ಟರೆ ಏನೂ ಇರಲಿಲ್ಲ. ಅಲ್ಲಿ ಬೆಳಗಿನ ಜಾವ ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿ ಕೂರುತ್ತದೆ ಎಂದು ಬೈದು, ಒಂದು ಫ್ಲೀಸನ್ನೂ ಕೆಂಪು ಜಾಕೆಟನ್ನೂ ಕೊಟ್ಟೆನು. "ಮದುವೆಗೆ ಹೋಗೋ ಥರ ಕಾಣ್ತೀನಲ್ಲಕ್ಕಾ" ಎಂದನು. ಜೀಪು ಕೆಟ್ಟು ನಿಂತರೆ ದೂರದಿಂದ ನಿನ್ನನ್ನು ಯಾರಾದರೂ ನೋಡಬೇಕಲ್ಲ ಎಂದು ನಾನು ಹೇಳಿದೆನು.

ಈ ದಿನ, 19-1-2003ರ ಭಾನುವಾರ ಬೆಳಿಗ್ಗೆ 9 ಗಂಟೆಗೆ ಪಿಳ್ಳಮ್ಮನವರು ನನ್ನ ಮನೆಗೆ ಅಳುತ್ತಾ ಬಂದು, ಹಲಸೂರು ಕೆರೆಯ ಹತ್ತಿರ ಪೊಲೀಸರು ಮುರಳಿಯ ಜೀಪು ತಡೆದು, ಜಿಂಕೆ ಮಾಂಸವೂ ಕೋವಿಯೂ ಸಿಕ್ಕಿತೆಂದು ಅವನನ್ನು ಹಿಡಿದಿದ್ದಾರೆ ಎಂದರು. ಅವರನ್ನು ಆಟೋದಲ್ಲಿ ಕೂರಿಸಿಕೊಂಡು ಬಂದೆನು. ಠಾಣೆಯ ಮೇಜಿನ ಮೇಲೆ ಎರಡು ಜಾಕೆಟ್‌ಗಳಿದ್ದವು. ಕೋವಿಗೆ ಸುತ್ತಿದ್ದ ಕೆಂಪು ಜಾಕೆಟ್ ಮುರಳಿಯದೇ, ನಾನೇ ಕೊಟ್ಟದ್ದು ಎಂದು ಒಪ್ಪಿಕೊಂಡೆನು. ಹಾಗೆ ಹೇಳಿದ ಕೂಡಲೇ ಪಿಳ್ಳಮ್ಮನವರು ನನ್ನ ಕೈ ಬಿಟ್ಟರು. ಜೀಪು ಹಿಡಿದಾಗ ಮುರಳಿ ತೊಟ್ಟಿದ್ದ ಇನ್ನೊಂದು ಜಾಕೆಟಿನ ಜೇಬಿನಲ್ಲಿ ತೋಟಾಗಳಿದ್ದವು, ತೋಳಿಗೆ ರಕ್ತವೂ ಕೂದಲೂ ಅಂಟಿದ್ದವು. ಅದು ಗುರುಕಿರಣರಿಗೆ ನಾನು ಹೊಲಿದುಕೊಟ್ಟ ಕಂದು ಜಾಕೆಟ್ ಎಂದು ಇನ್ಸ್‌ಪೆಕ್ಟರ್ ಸಾಹೇಬರಿಗೆ ತಿಳಿಸಿದೆನು.

ಅವರು ನನ್ನ ಎದುರಿನಲ್ಲಿ ಮುರಳಿಯನ್ನು ವಿಚಾರಿಸಿದರು. ಕೆಂಪು ಬಣ್ಣ ಪ್ರಾಣಿಗಳನ್ನು ಹೆದರಿಸುತ್ತದೆಂದು ಗುರುಕಿರಣರೂ ಅವರ ಸ್ನೇಹಿತರೂ ಮೊದಲ ದಿನವೇ ತನ್ನ ಜಾಕೆಟ್ ಬಿಚ್ಚಿಸಿಕೊಂಡರೆಂದೂ, ಎರಡು ರಾತ್ರಿ ಜೀಪಿನಲ್ಲಿ ನಡುಗುತ್ತಾ ಕೂತಿದ್ದನೆಂದೂ, ಗುಂಡಿನ ಸದ್ದು ಕೇಳಿ ಪ್ರಶ್ನಿಸಿದ್ದಕ್ಕೆ ಅವರಿಬ್ಬರೂ ಗದರಿಸಿದರೆಂದೂ ಹೇಳಿದನು. ಹಿಂದಿರುಗುವಾಗ ಗುರುಕಿರಣರವರು, "ಪಾಪ, ನಡುಗ್ತಿದ್ದೀಯಲ್ಲೋ, ಹಾಕ್ಕೋ ಮಗಾ" ಎಂದು ತಮ್ಮ ಜಾಕೆಟನ್ನು ತಾವೇ ತೊಡಿಸಿದರಂತೆ. ಟ್ರಿನಿಟಿ ಸರ್ಕಲ್ ಹತ್ತಿರ ಇಬ್ಬರೂ ಇಳಿದು, ಜೀಪನ್ನು ಗುರುಕಿರಣರ ಮನೆಗೆ ತೆಗೆದುಕೊಂಡು ಬಾ ಎಂದರಂತೆ. ಮೂರು ದಿನದಲ್ಲಿ ತನ್ನೊಂದಿಗೆ ಅವರು ಪ್ರೀತಿಯಿಂದ ಆಡಿದ ಮಾತು ಅದೊಂದೇ ಎಂದು ಹೇಳುವಾಗ ಮುರಳಿ ಅತ್ತನು.

ಮಧ್ಯಾಹ್ನ 3 ಗಂಟೆಗೆ ಗುರುಕಿರಣರವರನ್ನು ಠಾಣೆಗೆ ಕರೆತರಲಾಯಿತು. ನನ್ನನ್ನು ಎಂದೂ ನೋಡಿಯೇ ಇಲ್ಲವೆಂದೂ, ಊಟಿಯ ಲಾಡ್ಜಿನಲ್ಲಿ ತಾವು ಮಲಗಿದ್ದಾಗ ಡ್ರೈವರ್ ಎಲ್ಲಿಗೆ ಹೋಗುತ್ತಿದ್ದನೋ ತಿಳಿಯದೆಂದೂ, ಜಾಕೆಟ್ ತಮ್ಮದಲ್ಲವೆಂದೂ ಹೇಳಿದರು. ಸಾಹೇಬರು ಮುರಳಿಗೆ ಅದನ್ನು ತೊಡಿಸಿ ನೋಡಿದರು. ತೋಳು ಬೆರಳ ತುದಿಯನ್ನೂ ದಾಟಿ ಜೋತಾಡಿತು. "ಡ್ರೈವರ್‌ಗಳು ಸಿಕ್ಕಿದ್ದು ಹಾಕ್ಕೋತಾರೆ ಸಾರ್, ಅಳತೆ ನೋಡ್ತಾರಾ?" ಎಂದು ಗುರುಕಿರಣರವರು ಕೇಳಿದರು. ಅದೂ ನಿಜವೇ, ಅಳತೆಯೊಂದರಿಂದಲೇ ತೀರ್ಮಾನಿಸಲಾಗದು ಎಂದು ಸಾಹೇಬರು ಹೇಳಿದರು.

ಆಗ ನಾನು, ಮುರಳಿ ಕಾಲರನ್ನು ಕತ್ತಿನವರೆಗೆ ಮುಚ್ಚಿಕೊಳ್ಳಲಿ ಎಂದು ಕೋರಿದೆನು. ಅವನು ಚೈನು ಎಳೆದು, ಕತ್ತಿನ ಬಳಿ ತಡಕಾಡಿ, ಅಲ್ಲಿ ಏನೂ ಇಲ್ಲವೆಂದನು. ಬೆಳಿಗ್ಗೆ ಜಾಕೆಟನ್ನು ತಪಾಸಣೆ ಮಾಡಿದ್ದ ಪೇದೆ ಅಂಜನಮೂರ್ತಿಯವರೂ ಏನೂ ಇಲ್ಲವೆಂದರು. ಈಗ ಗುರುಕಿರಣರವರೊಮ್ಮೆ ಹಾಕಲಿ ಎಂದೆನು. ಗಲೀಜು ಬಟ್ಟೆ ಮುಟ್ಟುವುದಿಲ್ಲವೆಂದು ಗುರುಕಿರಣರವರು ಕೂಗಾಡಿದರು. ಸಾಹೇಬರು ಬಿಡಲಿಲ್ಲ. ಕೊನೆಗೆ ಕೋಪದಿಂದಲೇ ತೊಟ್ಟುಕೊಂಡು, "ನೋಡಿ ಸಾರ್, ಇದು ಯಾರಿಗೆ ಬೇಕಾದ್ರೂ ಆಗತ್ತೆ" ಎನ್ನುತ್ತಾ, ಸಾಹೇಬರ ಮುಖದಿಂದ ಕಣ್ಣು ತೆಗೆಯದೆ, ಎಡಗೈಯನ್ನು ಕಾಲರಿನ ಮಡಿಕೆಯೊಳಗೆ ತೂರಿಸಿ ಗುಂಡಿಯನ್ನು ಒಂದೇ ಸಲಕ್ಕೆ ಹಾಕಿದರು.

ಅಲ್ಲೊಂದು ಗುಂಡಿ ಇರುವುದು ನಿಮಗೆ ಹೇಗೆ ಗೊತ್ತಾಯಿತು ಎಂದು ಸಾಹೇಬರು ಮೆತ್ತಗೆ ಕೇಳಿದರು. ಗುರುಕಿರಣರವರು ಕುರ್ಚಿಯಲ್ಲಿ ಕೂತು ನೀರು ಕೇಳಿದರು. ಆಮೇಲೆ ಕೋವಿ ತಮ್ಮ ಸ್ನೇಹಿತ ಪಂಚಾಕ್ಷರಿಯವರದೆಂದು ಹೇಳಿದರು.

ಸಂಜೆ 6 ಗಂಟೆಗೆ ಮುರಳಿಯನ್ನು ಸಾಕ್ಷಿಯಾಗಿ ಪರಿಗಣಿಸಿ, ಕರೆದಾಗ ಬರಬೇಕೆಂದು ತಿಳಿಸಿ ಮನೆಗೆ ಕಳುಹಿಸಿದರು. ಹೊರಗೆ ಗಾಳಿ ಇತ್ತು. ನನ್ನ ಯಜಮಾನರು ಅಂಗಡಿಯಿಂದ ಒಂದು ಹೊಸ ಸ್ವೆಟರ್ ತಂದಿದ್ದರು. ಮುರಳಿ ಅದನ್ನು ಈಸಿಕೊಂಡು, ನಾವೆಲ್ಲ ನೋಡುತ್ತಿದ್ದಂತೆಯೇ, ಎರಡೂ ಜೇಬುಗಳೊಳಗೆ ಕೈ ಹಾಕಿ ನೋಡಿ, ಆಮೇಲೆ ತೊಟ್ಟುಕೊಂಡು ತಾಯಿಯ ಜೊತೆ ಹೋದನು.

ಈ ಹೇಳಿಕೆಯನ್ನು ನನಗೆ ಓದಿ ಹೇಳಲಾಗಿದೆ. ಇದರಲ್ಲಿರುವುದು ನಾನು ಹೇಳಿದ್ದೇ, ನಿಜವೇ. ಯಾವ ಕೋರ್ಟಿನಲ್ಲಿ ಕೇಳಿದರೂ ಇದನ್ನೇ ಹೇಳುತ್ತೇನೆ.

ಸ್ಥಳ: ಬೆಂಗಳೂರು
ದಿನಾಂಕ: 19-1-2003
ಸಹಿ/- ಉಮ್ಮೆ ಕುಲ್ಸುಂ