ಶಿರೋರಕ್ಷಕ ಪ್ರಭುಗಳ ಬೋಗುಣಿ

ಹೂಂಗುಟ್ಟೋರು ಮುಂದಕ್ಕೆ ಬನ್ನಿ, ತೂಕಡಿಸೋರು ಗೋಡೆಗೆ ಒರಗಿಕೊಳ್ಳಿ. ಕೂಸಿನ ಬಾಯಿಗೆ ಬೆಲ್ಲ ಹಾಕಿ, ಮುದುಕರ ಬಾಯಿಗೆ ಎಲೆಅಡಿಕೆ ಹಾಕಿ, ಕಥೆಗೆ ಕಿವಿ ಕೊಡಿ.

ಒಂದಾನೊಂದು ನಾಡು. ಎಲ್ಲಿತ್ತು ಅಂತ ಕೇಳಬೇಡಿ, ಏಳು ಸಮುದ್ರದಾಚೆ ಇತ್ತು. ಅಲ್ಲಿ ಬಿಸಿಲು ದೂರದ ನೆಂಟರ ಹಾಗೆ, ವರ್ಷಕ್ಕೊಂದು ಸಲ ಬಂದು ಮುಖ ತೋರಿಸಿ ಹೋಗೋದು. ಜನ ಬೆಳ್ಳಗೆ, ಮೂಗು ಕೆಂಪಗೆ. ಅವರ ಹೆಸರು ನಮ್ಮ ನಾಲಿಗೇಲಿ ಹೊರಳೋದಿಲ್ಲ. ಅದಕ್ಕೆ ನಮ್ಮ ಹೆಸರನ್ನೇ ಇಡ್ತೀನಿ, ಒಪ್ಪಿಗೆ ತಾನೆ? ಆಯ್ತು.

ಆ ನಾಡಲ್ಲಿ ಬಿರುದು ಅಂತ ಒಂದಿತ್ತು. ಅದು ತಿನ್ನೋಕೆ ಬರೋಲ್ಲ, ಉಡೋಕೆ ಬರೋಲ್ಲ, ಚಳಿಗೆ ಹೊದೆಯೋಕೂ ಬರೋಲ್ಲ. ಆದರೂ ಅದಕ್ಕಾಗಿ ಅಣ್ಣತಮ್ಮಂದಿರು ಕತ್ತು ಹಿಸುಕಿಕೊಳ್ಳೋರು. ಅಪ್ಪ ಸತ್ತರೆ ಬಿರುದು ಹಿರಿಮಗನಿಗೆ, ಅವನು ಸತ್ತರೆ ಅವನ ಹಿರಿಮಗನಿಗೆ. ಮನೆಮಾರು, ಹೊಲಗದ್ದೆ ಎಲ್ಲ ಬಿರುದಿನ ಬಾಲ ಹಿಡಿದುಕೊಂಡು ಹೋಗೋವು. ಹೆಣ್ಣುಮಕ್ಕಳಿಗೇನು? ಸಿಕ್ಕರೆ ಗಂಡನ ಮನೆ, ಸಿಗದಿದ್ದರೆ ತಲೆ ಬೋಳಿಸಿಕೊಂಡು ಸನ್ಯಾಸಿನಿಯರ ಮಠ.

ಈಗ ಒಂದು ಬಿರುದು ಹುಟ್ಟಿದ ಕಥೆ ಕೇಳಿ. ಆ ನಾಡಿನ ಅರಸ ಒಂದು ಸಲ ಯುದ್ಧಕ್ಕೆ ಅಂತ ಹಡಗು ಹತ್ತಿದ. ಆನೆಯಂಥ ಆಳು, ಹುಲಿಯಂಥ ಮೀಸೆ. ಆದರೆ ಸಮುದ್ರಕ್ಕೆ ಮೀಸೆ ಗೊತ್ತಾಗುತ್ತದೆಯೆ? ಹಡಗು ಒಂದು ಸಲ ಆ ಕಡೆ ವಾಲಿತು, ಒಂದು ಸಲ ಈ ಕಡೆ ವಾಲಿತು, ಅರಸನ ಹೊಟ್ಟೆ ಬಾಯಿಗೆ ಬಂತು. ಮಂತ್ರಿ ಹಿಂದೆ ಸರಿದ. ಸೇನಾಪತಿ ಹಿಂದೆ ಸರಿದ. ಪುರೋಹಿತ ಮೂಗು ಮುಚ್ಚಿಕೊಂಡು ಮಂತ್ರ ಹೇಳಿದ.

ಅದೇ ಹಡಗಲ್ಲಿ ಸೈನ್ಯದ ಊಟಕ್ಕೆ ಅಂತ ಕುರಿ ತುಂಬಿದ್ದರು. ಕುರಿ ಜೊತೆ ಒಬ್ಬ ಕುರುಬ. ಅವನ ಹೆಸರು ಕೆಂಪೀರ. ಅವನು ಎಷ್ಟು ಕುರಿಮರಿಗಳ ವಾಂತಿಭೇದಿ ಕಂಡೋನೋ. ಎದ್ದು ಬಂದ, ಹಾಲು ಕರೆಯೋ ಹಿತ್ತಾಳೆ ಬೋಗುಣೀನ ಅರಸನ ಬಾಯಿಗೆ ಹಿಡಿದ. ಒಂದು ಕೈ ಹಣೆಗೆ, ಒಂದು ಕೈ ಕುತ್ತಿಗೆಗೆ. "ಕಕ್ಕಿಬಿಡಿ ಬುದ್ಧಿ, ಒಳಗೆ ಇಟ್ಕೊಂಡು ಯಾರು ಉದ್ಧಾರ ಆಗವ್ರೆ" ಅಂದ. ಅರಸ ಕಕ್ಕಿದ. ಆಚೆ ದಡ ಬರೋ ತನಕ ಕಕ್ಕಿದ. ಕೆಂಪೀರ ಹಿಡಿದ ತಲೆ ಬಿಡಲಿಲ್ಲ.

ದಡ ಮುಟ್ಟಿದ ಮೇಲೆ ಅರಸ ಅಂದ, "ನನ್ನ ತಲೆ ಹಿಡಿದ ನೀನು ಇವತ್ತಿಂದ ಪ್ರಭು. ನಿನಗೊಂದು ಕಲ್ಲಿನ ಮನೆ, ಕಣ್ಣಿಗೆ ಕಾಣೋಷ್ಟು ಹುಲ್ಲುಗಾವಲು. ನನ್ನ ವಂಶದೋರು ಸಮುದ್ರ ದಾಟುವಾಗೆಲ್ಲ ನಿನ್ನ ವಂಶದೋರು ಹಡಗಲ್ಲಿ ಇರಬೇಕು, ಅಷ್ಟೆ." ಕೆಂಪೀರ ಬೋಗುಣೀನ ಸಮುದ್ರದಲ್ಲಿ ತೊಳೆದು, ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದ. ಹೆಂಡತಿ ಅದನ್ನ ಬೂದಿ ಹಾಕಿ ಉಜ್ಜಿದಳು. ಪಾಪ, ಅವನಿಗೂ ಅವಳಿಗೂ ಜಂಬ ಇರಲಿಲ್ಲ.

ಜಂಬ ಆಮೇಲೆ ಬಂತು. ಆ ನಾಡಲ್ಲಿ ಅಪ್ಪನ ಹೆಸರನ್ನೇ ಮಗನಿಗೆ ಇಡೋರು. ಇಟ್ಟು, ದನಕ್ಕೆ ಮುದ್ರೆ ಒತ್ತಿದ ಹಾಗೆ, ಎರಡನೆಯವನು ಮೂರನೆಯವನು ಅಂತ ಎಣಿಸೋರು. ಎರಡನೇ ಕೆಂಪೀರನಿಗೆ 'ತಲೆ ಹಿಡಿದ ಪ್ರಭು' ಅನ್ನಿಸಿಕೊಳ್ಳೋಕೆ ನಾಚಿಕೆ. ನಮ್ಮ ಹೆಳವರು ಎತ್ತಿನ ಮೇಲೆ ಬಂದು ವಂಶ ಹೇಳ್ತಾರಲ್ಲ, ಹಾಗೆ ಅಲ್ಲೂ ವಂಶ ಹೇಳೋರು ಇದ್ದರು. ನಮ್ಮೋರು ಇದ್ದದ್ದು ಹೇಳ್ತಾರೆ, ಅಲ್ಲಿನೋರು ಬೇಕಾದ್ದು ಹೇಳ್ತಾರೆ. ಎರಡನೇ ಕೆಂಪೀರ ಅವರಿಗೆ ಊಟ ಹಾಕಿಸಿ ಕೇಳಿದ, ಅವರು ಹೇಳಿದರು, "ನಿಮ್ಮ ತಂದೆ ತಲೆ ಹಿಡಿದದ್ದಲ್ಲ ಪ್ರಭುಗಳೇ, ತಲೆ ಕಾದದ್ದು. ನೀವು ಶಿರೋರಕ್ಷಕ ಪ್ರಭುಗಳು." ಬೋಗುಣಿ ಅಡುಗೆಮನೆಯಿಂದ ನಡುಮನೆ ಗೋಡೆಗೆ ಹೋಯಿತು.

ಮೂರನೇ ಕೆಂಪೀರ ಬಂದ. ಅವನು ಇನ್ನೂ ಒಳ್ಳೆ ಊಟ ಹಾಕಿಸಿದ. ವಂಶ ಹೇಳೋರು ಬೋಗುಣೀನ ಗೋಡೆಯಿಂದ ಇಳಿಸಿ, ಬೋರಲು ಮಾಡಿ ನೋಡಿದರು. "ಇದು ಪಾತ್ರೆ ಅಲ್ಲ, ಶಿರಸ್ತ್ರಾಣ. ಶತ್ರು ಗದೆ ಬೀಸಿದಾಗ ನಿಮ್ಮ ತಾತ ಇದನ್ನ ಅಡ್ಡ ಕೊಟ್ಟರು. ನೋಡಿ, ಗದೆ ಬಿದ್ದ ನಗ್ಗು." ಆ ನಗ್ಗು ಕುರಿ ಒದ್ದು ಆದದ್ದು. ಅವತ್ತಿಂದ ಆ ವಂಶದಲ್ಲಿ ಯಾರು ಪ್ರಭು ಆದರೂ ಮೊದಲು ಬೋಗುಣೀನ ತಲೆ ಮೇಲೆ ಇಟ್ಟುಕೊಳ್ಳಬೇಕು ಅಂತ ಶಾಸ್ತ್ರ ಆಯಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದ ಅಂತಾರಲ್ಲ, ಇವನು ಅರಸ ಕಕ್ಕಿದ ಬೋಗುಣಿ ಹೊತ್ತ.

ಕೇಳಿ, ಬಿರುದು ಗಂಡಸರಿಂದ ಗಂಡಸರಿಗೆ ಇಳಿಯಿತು. ನಿಜ ಹೆಂಗಸರಿಂದ ಹೆಂಗಸರಿಗೆ ಇಳಿಯಿತು. ಯಾಕೆ ಅಂದರೆ ಬೋಗುಣಿ ಉಜ್ಜೋರು ಹೆಂಗಸರು. ಅತ್ತೆ ಸೊಸೆಗೆ ಬೂದಿ ಕೊಟ್ಟಳು, ಹಾಡೂ ಕೊಟ್ಟಳು.

ಉಜ್ಜವ್ವ ಉಜ್ಜು ಹಿತ್ತಾಳೆ ಬೋಗುಣಿ,
ಅರಸನು ಕಕ್ಕಿದ ಬೋಗುಣಿ,
ಬೋರಲು ಹಾಕಿದರೆ ಕಿರೀಟವಲ್ಲ,
ಬೂದಿ ಹಾಕಿದರೆ ಬೋಗುಣಿ.

ನಾಲ್ಕನೇ ಕೆಂಪೀರನಿಗೆ ಗಂಡುಮಕ್ಕಳಿಲ್ಲ. ಒಬ್ಬಳೇ ಮಗಳು, ಬೆಳ್ಳವ್ವ. ನಮ್ಮ ಕಥೆ ಇವಳದ್ದು. ತಾಯಿಯಿಲ್ಲದ ಕೂಸು, ಅಜ್ಜಿ ಮಡಿಲಲ್ಲಿ ಬೆಳೆದಳು. ಆ ಹಾಡು ಕೇಳಿ ಒಂದು ದಿನ ಕೇಳಿದಳು, "ಅಜ್ಜೀ, ಇದನ್ನ ತಾತನಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ದೆ ಕಣೆ ಮಗ. ಅವತ್ತು ಉಂಡಿದ್ದು ಅವರಿಗೆ ಸೇರಲಿಲ್ಲ. ಮಾರನೇ ದಿನ, ಹೆಂಗಸರ ಮಾತು ಯಾರು ನಂಬ್ತಾರೆ ಅಂದು ಮತ್ತೆ ತಲೆ ಮೇಲೆ ಇಟ್ಕೊಂಡ್ರು. ನೀನು ಉಜ್ಜು."

ಬೆಳ್ಳವ್ವ ಉಜ್ಜಿದಳು. ಕುರಿ ಮೇಯಿಸಿದಳು, ಉಣ್ಣೆ ಕತ್ತರಿಸಿದಳು, ಹೆರಿಗೆಗೆ ಕೂತ ಕುರಿ ಪಕ್ಕ ಕೂತಳು. ಆ ಹುಲ್ಲುಗಾವಲಿನ ಒಂದೊಂದು ದಿಣ್ಣೆಗೂ ಅವಳು ಹೆಸರಿಟ್ಟಿದ್ದಳು. ಆ ಮನೆ, ಆ ಹುಲ್ಲು ಅಂದರೆ ಅವಳಿಗೆ ಪ್ರಾಣ.

ಅಜ್ಜಿ ಹೋದಳು. ಅದರ ಹಿಂದೇನೇ ಅಪ್ಪನೂ ಹೋದ. ಗುಂಡಿ ಮೇಲಿನ ಮಣ್ಣು ಇನ್ನೂ ಆರಿರಲಿಲ್ಲ, ಬಾಗಿಲಲ್ಲಿ ಮೂರು ಕುದುರೆ. ಮೊದಲನೇ ಕುದುರೆ ಮೇಲೆ ಚಿಕ್ಕಪ್ಪನ ಮಗ ಚಿಕ್ಕೀರ. "ಅಣ್ಣನಿಗೆ ಮಗನಿಲ್ಲ, ತಮ್ಮನ ಮಗ ನಾನು. ಬಿರುದು ನಂದು." ಎರಡನೇ ಕುದುರೆ ಮೇಲೆ ಸೋದರತ್ತೆಯ ಗಂಡ. "ಮೂರನೇ ಪ್ರಭುವಿನ ಮಗಳ ಕೈ ಹಿಡಿದೋನು ನಾನು. ಬಿರುದು ನಂದು." ಮೂರನೇ ಕುದುರೆ ಮೇಲೆ ಯಾರೋ ದೂರದೋನು, ಜೊತೆಗೆ ಬಾಡಿಗೆಯ ವಂಶ ಹೇಳೋನು. ಅವನು ಭೂಮಿ ಮೇಲೆ ಹುಟ್ಟಿದ ಮೊದಲನೇ ಮನುಷ್ಯನಿಂದ ಶುರುಮಾಡಿದ. ಮಧ್ಯಾಹ್ನವಾದರೂ ಕೆಂಪೀರನ ಹತ್ತಿರಕ್ಕೆ ಬರಲಿಲ್ಲ.

ಬೆಳ್ಳವ್ವ ಬಾಗಿಲಲ್ಲಿ ನಿಂತು ಕೇಳಿದಳು, "ನಾನು?"

ಮೂವರೂ ಬೇರೆ ಏನಕ್ಕೂ ಒಪ್ಪದೋರು ಇದಕ್ಕೆ ಒಂದೇ ಬಾಯಲ್ಲಿ, "ನೀನು ಮಠಕ್ಕೆ" ಅಂದರು. ಚಿಕ್ಕೀರ ಕುದುರೆಯಿಂದ ಇಳಿದೋನೇ ನಡುಮನೇನ ಹೆಜ್ಜೆ ಹಾಕಿ ಅಳೆಯೋಕೆ ಶುರುಮಾಡಿದ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅನ್ನೋ ಹಾಗೆ, ಅವನ ಕುದುರೆ ಜೀನಿನ ಮೇಲೆ ಬಿರುದು ಆಗಲೇ ಹೊಲಿಸಿ ಆಗಿತ್ತು. ಬೆಳ್ಳವ್ವ ಅದನ್ನ ಕಣ್ಣಾರೆ ನೋಡಿದಳು. ಅತ್ತಳೇ? ಅತ್ತಳು. ಕುರಿ ದೊಡ್ಡಿಗೆ ಹೋಗಿ, ಯಾರೂ ಕಾಣದ ಹಾಗೆ ಅತ್ತಳು. ಆಮೇಲೆ ಎದ್ದು ಕುರಿಗೆ ನೀರು ಇಟ್ಟಳು.

ಜಗಳ ಅರಸನ ಹತ್ತಿರ ಹೋಯಿತು. ಈ ಅರಸ ಮೊದಲನೇ ಅರಸನ ಮರಿಮಗ, ಇನ್ನೂ ಮೀಸೆ ಚಿಗುರಿದ ವಯಸ್ಸು. ಹೆಣ್ಣು ತರೋಕೆ ಅಂತ ಸಮುದ್ರ ದಾಟಿ ಹೋಗೋದಿತ್ತು. "ನಿಮ್ಮ ವಂಶದೋರು ಹೇಗೂ ಹಡಗಲ್ಲಿ ಇರಬೇಕಂತೆ. ಎಲ್ಲರೂ ಬನ್ನಿ. ಆಚೆ ದಡದಲ್ಲಿ ತೀರ್ಪು" ಅಂದ. ಶಾಸ್ತ್ರಕ್ಕೆ ಬೋಗುಣಿ ಬೇಕು. ಬೋಗುಣಿ ಮನೆ ಹೆಣ್ಣಿನ ಜವಾಬ್ದಾರಿ. ಹಾಗಾಗಿ ಬೆಳ್ಳವ್ವನೂ ಹಡಗು ಹತ್ತಿದಳು. ಆಚೆ ದಡದಲ್ಲೇ ಅವಳ ಮಠವೂ ಇತ್ತು. ಬಿಡೋಕೆ ಅನುಕೂಲ ಅಂತ ಚಿಕ್ಕೀರ ಲೆಕ್ಕ ಹಾಕಿದ್ದ.

ಹಡಗು ಹೊರಟಿತು. ಚಿಕ್ಕೀರ ಉಕ್ಕಿನ ಅಂಗಿ ತೊಟ್ಟು ಎದೆ ಉಬ್ಬಿಸಿ ನಿಂತ. ಹಡಗು ಒಂದು ಸಲ ಆ ಕಡೆ ವಾಲಿತು, ಒಂದು ಸಲ ಈ ಕಡೆ ವಾಲಿತು, ಅರಸನ ಹೊಟ್ಟೆ ಬಾಯಿಗೆ ಬಂತು. ವಂಶದಲ್ಲಿ ಇಳಿಯೋದು ಬಿರುದು ಮಾತ್ರವೆ? ಹೊಟ್ಟೇನೂ ಇಳಿಯುತ್ತದೆ.

"ಯಾರಾದರೂ ಬನ್ರಪ್ಪ" ಅಂದ ಅರಸ, ಕಂಬ ಹಿಡಿದುಕೊಂಡು.

ಚಿಕ್ಕೀರ ಅಂದ, "ಅರಸರ ತಲೆ ಮುಟ್ಟೋದು ಅಪಚಾರ." ಸೋದರತ್ತೆ ಗಂಡ ಅಂದ, "ನನಗೇ ತಲೆ ಸುತ್ತುತ್ತಾ ಇದೆ." ದೂರದೋನು ವಂಶ ಹೇಳೋನ ಹಿಂದೆ ಅವಿತುಕೊಂಡ. ಅರಸನ ತಲೆ ಕಾಯೋ ವಂಶದಲ್ಲಿ ತಲೆ ಹಿಡಿಯೋಕೆ ಒಬ್ಬನಿಲ್ಲ.

ಬೆಳ್ಳವ್ವ ನೋಡಿದಳು. ಹಾಗೆ ಬೆವರೋ ಕುರಿಮರಿ ಅವಳು ಎಷ್ಟೋ ಕಂಡಿದ್ದಳು. ಮಡಿಲಲ್ಲಿದ್ದ ಬೋಗುಣೀನ ಮೇಲ್ಮುಖ ಮಾಡಿದಳು. ಒಂದು ಕೈ ಹಣೆಗೆ, ಒಂದು ಕೈ ಕುತ್ತಿಗೆಗೆ, ಬೋಗುಣಿ ಮೊಣಕಾಲ ಸಂದಿಗೆ. "ಕಕ್ಕಿಬಿಡಿ ಮಾಸ್ವಾಮಿ, ನಾಚಿಕೆ ಬೇಡ. ನಿಮ್ಮ ಮುತ್ತಾತನೂ ಇದರಲ್ಲೇ ಕಕ್ಕಿದ್ದು" ಅಂದಳು.

ಅರಸ ಕಕ್ಕಿದ. ಕಕ್ಕಿ ಹಗುರವಾದ. ಬಾಯಿ ಒರೆಸಿಕೊಂಡು ಕೇಳಿದ, "ಏನಂದೆ ಈಗ? ಮುತ್ತಾತ?"

ಬೆಳ್ಳವ್ವ ಹೇಳಿದಳು. ಕುರುಬನ ಕಥೆ ಹೇಳಿದಳು, ಹಾಲಿನ ಬೋಗುಣಿ ಕಥೆ ಹೇಳಿದಳು, ಬೂದಿಯ ಹಾಡು ಹೇಳಿದಳು. ಅರಸನ ಮುಖಕ್ಕೆ ನಗು ಬಂತು. "ನಮ್ಮಜ್ಜಿನೂ ಇದನ್ನೇ ಹೇಳ್ತಿದ್ದರು. ನಮ್ಮಪ್ಪ ನಂಬಲಿಲ್ಲ. ಕೇಳು ತಾಯಿ, ಏನು ಬೇಕು?"

"ನನ್ನ ಮನೆ, ನನ್ನ ಹುಲ್ಲು, ನನ್ನ ಕುರಿ. ಮಠ ಬೇಡ."

"ಅದೆಲ್ಲ ಬಿರುದಿನ ಜೊತೆ ಹೋಗೋದು. ಬಿರುದೂ ನೀನೇ ತಗೋ."

ಚಿಕ್ಕೀರ ಉಕ್ಕಿನ ಅಂಗಿ ಸಮೇತ ಧಡಾರಂತ ಅರಸನ ಕಾಲಿಗೆ ಬಿದ್ದ. "ಹೆಣ್ಣಿಗೆ ಬಿರುದು ಕೊಟ್ಟರೆ ನಾಡು ಮುಳುಗುತ್ತೆ ಮಾಸ್ವಾಮಿ. ನನಗೆ ಹುಲ್ಲು ಬೇಡ, ಕಲ್ಲು ಬೇಡ, ಬಿರುದು ಒಂದು ಸಾಕು. ಬಿರುದಿದ್ದೋನಿಗೆ ಹುಲ್ಲು ತಾನಾಗಿ ಹುಟ್ಟುತ್ತೆ."

ಬೆಳ್ಳವ್ವ ಅವನನ್ನೇ ನೋಡಿದಳು. ಬಿರುದಿಗೂ ಹುಲ್ಲಿಗೂ ನಾಲ್ಕು ತಲೆಮಾರಿನಿಂದ ಬಿದ್ದಿದ್ದ ಗಂಟು ಈಗ ಒಂದೇ ಮಾತಿಗೆ ಬಿಚ್ಚಿಕೊಂಡಿತ್ತು. "ಹಾಗಾದರೆ ಬಿಡಿಸಿ ಕೊಡಿ ಮಾಸ್ವಾಮಿ. ಬಿರುದು ಅಣ್ಣಯ್ಯನಿಗೆ, ಹುಲ್ಲು ನನಗೆ."

"ಒಪ್ಪಿಗೆಯೇನಯ್ಯ?" ಅಂತ ಅರಸ ಕೇಳಿದ. "ಒಪ್ಪಿಗೆ, ಒಪ್ಪಿಗೆ, ಒಪ್ಪಿಗೆ" ಅಂದ ಚಿಕ್ಕೀರ.

ಈ ಮಾತು ಕೇಳಿ ಸೋದರತ್ತೆ ಗಂಡನಿಗೆ ತಲೆಸುತ್ತು ನಿಂತುಹೋಯಿತು. ಬೋಗುಣಿ ಯಾರ ತಲೆ ಮೇಲೆ ಕೂತರೆ ಅವನೇ ಪ್ರಭು ತಾನೆ? ಅವನು ಬೋಗುಣಿ ಕಡೆ ನುಗ್ಗಿದ. ದೂರದೋನೂ ನುಗ್ಗಿದ. ಬೆಳ್ಳವ್ವ ಬೋಗುಣಿ ಎತ್ತಿಕೊಂಡು ಸಮುದ್ರದ ಕಡೆ ತಿರುಗಿದ್ದಳು, ತೊಳೆಯೋಕೆ. ಚಿಕ್ಕೀರ ಜಿಗಿದು ಬಂದು ಕೈ ಹಾಕಿದ.

"ಅಣ್ಣಯ್ಯ, ತಾಳು. ತೊಳೆದು ಕೊಡ್ತೀನಿ."

"ಬಿಡು."

"ಅಣ್ಣಯ್ಯ, ಒಳಗೆ ನೋಡು."

"ಬಿಡು ಅಂದೆ."

"ಅಣ್ಣಯ್ಯ, ನನ್ನ ಮಾತು ಕೇಳು."

"ಹೆಂಗಸರ ಮಾತು ಕೇಳಿ ಬಿರುದು ಕಳ್ಕೊಳ್ಳೋ ಮಗ ಅಲ್ಲ ನಾನು" ಅಂದ. ಬೋಗುಣಿ ಕಿತ್ತುಕೊಂಡ. ಮೇಲೆತ್ತಿದ. ಬೋರಲು ಹಾಕಿ ತಲೆ ಮೇಲೆ ಇಟ್ಟುಕೊಂಡ.

ಇಳಿಯಿತು. ಬಿರುದು ಇಳಿಯಿತು. ಹಣೆ ಮೇಲೆ ಇಳಿಯಿತು, ಮೀಸೆ ಮೇಲೆ ಇಳಿಯಿತು, ಉಕ್ಕಿನ ಅಂಗಿ ಒಳಗೂ ಇಳಿಯಿತು. ಚಿಕ್ಕೀರ ಕಣ್ಣು ಮುಚ್ಚಿಕೊಂಡು ನೆಟ್ಟಗೆ ನಿಂತ. ಅಲ್ಲಾಡಲಿಲ್ಲ, ತೆಗೆಯಲಿಲ್ಲ. ತೆಗೆದರೆ ಇನ್ನೊಬ್ಬ ಇಟ್ಟುಕೊಂಡರೆ? ಬಾಡಿಗೆಯ ವಂಶ ಹೇಳೋನು ಮೂಗು ಹಿಡಿದುಕೊಂಡೇ, ಅವನಿಗೆ ಬಿರುದಿನ ಹೆಸರು ಇಟ್ಟು ಕೂಗಿದ, "ಐದನೇ ಕೆಂಪೀರ, ಶಿರೋರಕ್ಷಕ ಪ್ರಭುಗಳಿಗೆ ಜಯವಾಗಲಿ."

ಬೆಳ್ಳವ್ವ ನಗಲಿಲ್ಲ. ಅವಳಿಗೆ ಅವನ ಮೇಲೆ ಮರುಕವೇ ಬಂತು. ಸೆರಗಿನ ತುದಿ ನೀರಿಗದ್ದಿ ಅವನ ಕಣ್ಣು ಒರೆಸಿದಳು. ಆಚೆ ದಡದಲ್ಲಿ ಮಠದ ಗಂಟೆ ಹೊಡೀತಾ ಇತ್ತು. ಅವಳು ಹಡಗಿನಿಂದ ಇಳಿಯಲೇ ಇಲ್ಲ. ಅದೇ ಹಡಗಲ್ಲಿ ಮನೆಗೆ ಬಂದಳು, ದೊಡ್ಡಿ ಬಾಗಿಲು ತೆಗೆದಳು, ಕುರಿ ಅವಳ ಕೈ ನೆಕ್ಕಿದವು.

ಆಮೇಲೇನಾಯಿತು? ಬಿರುದು ಚಿಕ್ಕೀರನ ವಂಶದಲ್ಲಿ ಇಳಿಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಅವನ ಮಗ ವಂಶ ಹೇಳೋರನ್ನ ಕರೆಸಿದ. "ನಿಮ್ಮ ತಂದೆ ತಲೆ ಮೇಲೆ ಸುರಿದದ್ದು ಏನಂದುಕೊಂಡಿರಿ? ಅರಸರೇ ಸ್ವತಃ ಮಾಡಿದ ಅಭಿಷೇಕ" ಅಂದರು ಅವರು. ಅವತ್ತಿಂದ ಆ ವಂಶದಲ್ಲಿ ಪ್ರಭು ಆಗೋನ ತಲೆ ಮೇಲೆ ಬೋಗುಣಿ ತುಂಬ ಹುಳಿಗಂಜಿ ಸುರಿಯೋದು ಶಾಸ್ತ್ರ. ಹೊಸ ಪ್ರಭು ಕಣ್ಣು ಮುಚ್ಚಿಕೊಂಡು ನೆಟ್ಟಗೆ ನಿಂತಿರಬೇಕು. ಎಷ್ಟು ಹೊತ್ತು ನಿಂತರೆ ಅಷ್ಟು ದೊಡ್ಡ ಮನುಷ್ಯ.

ಬೋಗುಣಿ ಮಾತ್ರ ಉಜ್ಜೋಕೆ ಅಂತ ಬೆಳ್ಳವ್ವನ ಕೈಗೇ ವಾಪಸು ಬಂದು ಅಲ್ಲೇ ಉಳಿಯಿತು, ಆಮೇಲೆ ಅವಳ ಮಗಳ ಮನೇಲಿ, ಅವಳ ಮಗಳ ಮನೇಲಿ. ಪಟ್ಟದ ದಿನ ಬಂದು ಎರವಲು ಕೇಳ್ತಾರೆ. ಅವಳು ಹಾಲು ಬಗ್ಗಿಸಿ, ಬೂದಿ ಹಾಕಿ, ಹಾಡಿಕೊಂಡು ಉಜ್ಜಿ ಕೊಡ್ತಾಳೆ. ಸಂಜೆ ವಾಪಸು ಬಂದ ಮೇಲೆ ಇನ್ನೊಂದು ಸಲ ಉಜ್ಜಿ, ಹಾಲು ಕರೆಯೋಕೆ ಕೂರ್ತಾಳೆ.

ಪ್ರಭುಗಳು ಗಂಜಿ ಒರೆಸಿಕೊಳ್ಳಲಿ, ಕುರಿ ಹುಲ್ಲು ಮೇಯಲಿ. ಹೇಳಿದೋರ ಬಾಯಿ ಆರಿತು, ಕೇಳಿದೋರ ಕಿವಿ ತುಂಬಿತು. ಏಳಿ ಇನ್ನು, ಅವರವರ ಪಾತ್ರೆ ಅವರವರು ತೊಳೆದು ಬೋರಲು ಹಾಕಿ.