ಕನ್ನಡಿಯಲ್ಲಿ ಕಂಡ ಬೆವರು

ಬಸ್ ನಿಲ್ದಾಣದ ಬೆಂಚಿನಲ್ಲಿ ದರ್ಜಿಯ ಪಕ್ಕಕ್ಕೆ ಇಬ್ಬರು ಹೆಂಗಸರು ಬಂದು ಕೂತರು. ಆಫೀಸುಗಳ ನೆಲ ಒರೆಸುವವರ ನೀಲಿ ಅಂಗಿ ತೊಟ್ಟಿದ್ದ ಅತ್ತಿಗೆ, ನಾದಿನಿ. ಪರರ ಮಾತು ಕೇಳುವ ಚಾಳಿ ದರ್ಜಿಗಿರಲಿಲ್ಲ. ಆದರೆ ಕಿವಿಗೆ ಬಾಗಿಲಿಲ್ಲವಲ್ಲ.

“ಸಾಹೇಬ್ರನ್ನ ಉಳಿಸಿದ್ದು ನಮ್ಮಣ್ಣಾನೇ ಅಲ್ವಾ ಅತ್ತಿಗೆ?”

“ಮತ್ತೆ? ಕಾರು ಓಡಿಸ್ತಾ ಕನ್ನಡೀಲಿ ನೋಡಿದ್ರಂತೆ. ಸಾಹೇಬ್ರ ಮುಖ ಬಿಳಿಚ್ಕೊಂಡಿದೆ, ಬೆವರು ಕಿತ್ಕೊಂಡು ಬರ್ತಿದೆ. ಒಂದ್ಮಾತೂ ಕೇಳದೆ ಸೀದಾ ಆಸ್ಪತ್ರೆಗೆ ತಿರುಗಿಸ್ಬಿಟ್ರು.”

“ಹಾರ್ಟು ಅಂತ ಅಷ್ಟು ಬೇಗ ಗೊತ್ತಾಯ್ತಾ!”

“ಅವರದಾದ್ರೆ ಹಾರ್ಟು. ನಿಮ್ಮಣ್ಣ ಎದೆ ಹಿಡ್ಕೊಂಡು ಹೋದ್ರೆ ಕ್ಲಿನಿಕ್ಕಿನ ಡಾಕ್ಟ್ರು ಗ್ಯಾಸ್ಟ್ರಿಕ್ ಅಂದ್ರು. ಇವರೂ ಮಾತ್ರೆ ನುಂಗಿ ಡ್ಯೂಟಿಗೆ ಹೋದ್ರು. ವಾಪಸ್ ಬಂದಿದ್ದು ಹೆಣವಾಗಿ.”

“ಡ್ಯೂಟಿಗೆ ಹೊರಟಾಗ ನೀವು ಅಣ್ಣನ ಮುಖ ನೋಡ್ಲಿಲ್ವಾ?”

“ನೋಡ್ದೆ ಕಣೆ. ನಮ್ಮ ಕರೀ ಮುಖ ಬಿಳಿಚ್ಕೊಂಡ್ರೆ ಯಾರ ಕಣ್ಣಿಗೆ ಕಾಣುತ್ತೆ?”

“ಸಾಹೇಬ್ರು?”

“ಗುಂಡುಕಲ್ಲಿನ ಹಾಗಿದ್ದಾರೆ. ಮಣ್ಣಿಗೆ ಬಂದು ಅತ್ರು, ಪಾಪ. ‘ಒಂದ್ಮಾತು ಹೇಳಿದ್ರೆ ನಾನೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೆ’ ಅಂದ್ರು.”

“ಕಾರು ಓಡಿಸೋಕೆ ಯಾರಿದ್ರಂತೆ?”

ಅತ್ತಿಗೆಗೆ ನಗು ಬಂತು, ಹಿಂದೆಯೇ ಕಣ್ಣೀರೂ ಬಂತು. ಅಷ್ಟರಲ್ಲಿ ಅವರ ಬಸ್ ಬಂದು ನಿಂತಿತು. ಎದ್ದವಳು ಎಡಗೈ ನೀವಿಕೊಂಡು, ಹಣೆಯ ಬೆವರನ್ನು ತೋಳಿಗೆ ಒರೆಸಿಕೊಂಡಳು.

“ಕೈಗೇನಾಯ್ತು ಅತ್ತಿಗೆ?”

“ಬಕೆಟ್ ಎತ್ತಿ ಎತ್ತಿ ಹೀಗೇ. ನಡಿ, ಸೀಟು ಹೋಗುತ್ತೆ.”

ಬೆಳಗಿನ ಚಳಿಗೆ ದರ್ಜಿಯ ಹಲ್ಲು ಕಟಕಟ ಎನ್ನುತ್ತಿತ್ತು. ‘ಏನಮ್ಮಾ, ಈ ಚಳೀಲಿ ಬೆವರಾ?’ ಎನ್ನಲು ಅವನು ಬಾಯಿ ತೆರೆಯುವಷ್ಟರಲ್ಲಿ ಬಸ್ಸಿನ ಬಾಗಿಲು ಮುಚ್ಚಿತ್ತು.