ಕೈ ಹಿಡಿದರೆ ಗೆರೆ ನಡುಗುತ್ತದೆ

ಗಾಂಧಿ ಬಜಾರಿನ ನರರೋಗ ಕ್ಲಿನಿಕ್ಕಿನಲ್ಲಿ ಸರದಿಗೆ ಕೂತಿದ್ದ ನಂದಿತಾಳಿಗೆ ಪರದೆಯಾಚೆ ಒಬ್ಬ ಅಜ್ಜಿಯೂ ಟೆಕ್ನಿಷಿಯನ್ನೂ ಆಡುವ ಮಾತು ಕೇಳುತ್ತಿತ್ತು.

“ಲಕ್ವ ಹೊಡೆದಾಗಿಂದ ಇವ್ರು ಮಾತೇ ಆಡಿಲ್ಲಪ್ಪ. ನಾನಂದಿದ್ದು ಕೇಳಿಸುತ್ತಾ, ಅಷ್ಟು ಹೇಳು.”

“ಕಿವೀಲಿ ಟಿಕ್‌ಟಿಕ್ ಅಂದ್ರೆ ಮೆದುಳಲ್ಲಿ ಚೂರೇ ಚೂರು ಕರೆಂಟ್ ಏಳ್ಬೇಕು, ಅಜ್ಜಿ. ಫ್ಯಾನು, ಲೈಟು ಆರಿಸಿದ್ರೂ ಸ್ಕ್ರೀನಲ್ಲಿ ಗೆರೆ ನಡುಗ್ತಿದೆ... ಅಯ್ಯೋ, ಕೈ ಹಿಡ್ಕೊಂಡಿದೀರಾ? ಬಿಡಿ!”

“ಹೆದರ್ಕೋತಾರೆ.”

“ನಿಮ್ಮ ಮೈಯೇ ಏರಿಯಲ್ ಥರ ಸುತ್ತಲಿನ ಕರೆಂಟಿನ ಗದ್ದಲ ಹೊತ್ತು ತರುತ್ತೆ.”

ಅಜ್ಜಿ ಕೈ ಬಿಟ್ಟು ಹಿಂದೆ ಸರಿದ ಬಳೆ ಸದ್ದು ಕೇಳಿತು.

“ಬಂತು! ಕೇಳಿಸುತ್ತೆ, ಅಜ್ಜಿ.”

“ಶಿವನೇ, ಬೆಳಗ್ಗೆ ನಾನು ಬೈದಿದ್ದೂ ಕೇಳಿಸ್ತಾ!”

ಗಾಲಿಕುರ್ಚಿ ತಳ್ಳುತ್ತ ಹೊರಬಂದ ಅಜ್ಜಿಯ ಒಂದು ಕೈ ಗಂಡನ ಭುಜದ ಮೇಲಿತ್ತು.

ಟೆಕ್ನಿಷಿಯನ್ ಬಸ್ ಕಂಡಕ್ಟರನ ರಾಗದಲ್ಲಿ ಕೂಗಿದ. “ನಂದಿತಾ ಯಾರ್ರೀ? ಜೊತೇಲಿ ಯಾರಿದಾರೆ?”

“ಯಾರೂ ಇಲ್ಲ.”

“ಒಳ್ಳೇದಾಯ್ತು ಬಿಡಿ. ಗೆರೆ ಕ್ಲೀನಾಗಿ ಬರುತ್ತೆ.”